ಟೇಪನ್ನು ಬಲಕ್ಕೆ ಸುತ್ತಬೇಕು

ನನ್ನ ಪೆನ್ನಿನ ಡಬ್ಬಿಯಲ್ಲಿ ಎರಡು ಪೆನ್ನು, ಒಂದು ಅಡಿಕೋಲು, ಒಂದು ರಬ್ಬರು ಮತ್ತು ಒಂದು ಬಿಳಿ ಟೇಪಿನ ಸುರುಳಿ ಇವೆ. ಮೊದಲ ಮೂರರ ಬಗ್ಗೆ ಹೇಳುವುದೇನಿಲ್ಲ. ಟೇಪು ಮಾತ್ರ ಅಲ್ಲಿರಬಾರದ ವಸ್ತು. ಅದು ಕಾಗದಕ್ಕೆ ಅಂಟಿಸುವ ಟೇಪಲ್ಲ; ನಳ ಜೋಡಿಸುವವರು ತಿರುಪಿನ ಹಲ್ಲುಗಳ ಮೇಲೆ ಸುತ್ತುವ, ಅಂಟೇ ಇಲ್ಲದ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಟೆಫ್ಲಾನ್ ಟೇಪು. ರಾತ್ರಿ ಊಟಕ್ಕೆ ಮುಂಚೆ ಡೈರಿ ಬರೆಯಲು ಕೂತಾಗ ಪೆನ್ನು ಹುಡುಕುವ ಬೆರಳಿಗೆ ಮೊದಲು ಸಿಗುವುದು ಅದೇ. ಎಷ್ಟೋ ಸಲ ತೆಗೆದು ಹೊರಗಿಟ್ಟಿದ್ದೇನೆ. ಮತ್ತೆ ನಾನೇ ಒಳಗಿಟ್ಟಿದ್ದೇನೆ.

ನನಗೆ ಲೆಕ್ಕ ಬರೆದಿಡುವ ಚಟವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾರವಾರದ ಕಚೇರಿಗೆ ಹೋಗುವ ಬಸ್ಸಿನಲ್ಲಿ ಈ ತಿಂಗಳು ಎಷ್ಟು ದಿನ ಕೂರಲು ಜಾಗ ಸಿಕ್ಕಿತು, ನಮ್ಮ ಅಮದಳ್ಳಿಯಲ್ಲಿ ಎಷ್ಟು ದಿನ ಕರೆಂಟು ಹೋಯಿತು, ಅಂಗಳದ ಮಾವಿನ ಮರ ಎಷ್ಟು ಕಾಯಿ ಉದುರಿಸಿತು, ಎಲ್ಲವೂ ನನ್ನಲ್ಲಿದೆ. ಮಾವಿನಕಾಯಿಯ ಲೆಕ್ಕ ನೋಡಿ ಮರವೇನೂ ನಾಚಿಕೊಂಡದ್ದಿಲ್ಲ. ಆದರೆ ಈ ಚಟ ಎಲ್ಲಿ ಹುಟ್ಟಿತು ಎಂಬುದು ನನಗೆ ಸರಿಯಾಗಿ ಗೊತ್ತು. ಅದು ನಮ್ಮ ಮನೆಯ ಬಚ್ಚಲಿನ ಹೊರಗೆ ಹುಟ್ಟಿತು.

ಅಪ್ಪ ಬಿಣಗಾದ ಕಡೆ ಒಂದು ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್ ಆಗಿದ್ದ. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬಂದಾಗ ಅವನ ಅಂಗಿಯಿಂದ ಬ್ಲೀಚಿಂಗ್ ಪುಡಿಯಂಥದೇ ಒಂದು ವಾಸನೆ ಬರುತ್ತಿತ್ತು. ನಾನು ಓಡಿಹೋಗಿ ಕಾಲು ಹಿಡಿದರೆ ಎರಡೂ ಕೈ ಮೇಲೆತ್ತಿ, "ಮುಟ್ಟೂಕಿಲ್ಲ, ಮುಟ್ಟೂಕಿಲ್ಲ, ಮಿಂದು ಬತ್ತೆ" ಎನ್ನುತ್ತಿದ್ದ. ಮಿಂದು ಬಂದ ಮೇಲೆ ಎತ್ತಿಕೊಳ್ಳುತ್ತಿದ್ದ. ಹಾಗಾಗಿ ಅವನ ಸ್ನಾನ ಮುಗಿಯುವುದು ನನಗೆ ದಿನದ ದೊಡ್ಡ ಸಂಗತಿ. ಬಚ್ಚಲಿನ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತು ತಂಬಿಗೆಯ ಸದ್ದು ಎಣಿಸುತ್ತಿದ್ದೆ. ತಂಬಿಗೆ ಹಂಡೆಯ ಅಂಚಿಗೆ ತಾಗಿದರೆ ಟಣ್, ಆಮೇಲೆ ನೀರು ಧಬಕ್. ಟಣ್, ಧಬಕ್. ಇಪ್ಪತ್ತೆರಡು. ಮಳೆಯಿರಲಿ, ಸೆಕೆಯಿರಲಿ, ಇಪ್ಪತ್ತೆರಡು ತಂಬಿಗೆ. ಇಪ್ಪತ್ತರ ತನಕ ಎಣಿಸಲು ಶಾಲೆಯಲ್ಲಿ ಕಲಿಸಿದರು. ಮೇಲಿನ ಎರಡನ್ನು ಬಚ್ಚಲಿನ ಹೊರಗೆ ನಾನೇ ಕಲಿತೆ.

ಈ ಎಣಿಕೆ ನನ್ನ ಅಮ್ಮನಿಗೂ, ಅಂದರೆ ಆಯಿಗೂ, ಉಪಯೋಗಕ್ಕೆ ಬರುತ್ತಿತ್ತು. ಅಡುಗೆಮನೆಯಿಂದ ಕೂಗುತ್ತಿದ್ದಳು: "ಎಷ್ಟಾಯ್ತೇ?"

"ಹದ್ನಾಲ್ಕು!"

"ಹದ್ನೆಂಟಕ್ಕೆ ಹೇಳು. ಮೀನು ಬಿಸಿ ಮಾಡ್ತೆ."

ಹದಿನೆಂಟಕ್ಕೆ ನಾನು ಕೂಗಿದರೆ, ಇಪ್ಪತ್ತೆರಡಕ್ಕೆ ಅಪ್ಪ ಪಂಚೆ ಸುತ್ತಿಕೊಂಡು ಬರುವ ಹೊತ್ತಿಗೆ ಅನ್ನದ ಮೇಲೆ ಬಿಸಿ ಸಾರು. ಒಂದು ದಿನ ತುಂಟತನಕ್ಕೆ ಹತ್ತಕ್ಕೇ ಹದಿನೆಂಟು ಎಂದೆ. ಅಪ್ಪ ಬರುವಷ್ಟರಲ್ಲಿ ಸಾರು ತಣ್ಣಗಾಗಿ ಆಯಿ ಅವನ ಮೇಲೆ ರೇಗಿದಳು. ಅವನು ನನ್ನ ಮುಖ ನೋಡಿದ. ಆಮೇಲೆ ನಾನು ಲೆಕ್ಕದಲ್ಲಿ ಸುಳ್ಳು ಹೇಳಿದ್ದಿಲ್ಲ.

ಆ ಹಂಡೆ ಈಗಲೂ ಇದೆ. ಗೀಸರು ಬಂದ ಮೇಲೂ ಆಯಿ ಅದನ್ನು ಗುಜರಿಗೆ ಹಾಕಲು ಬಿಡಲಿಲ್ಲ. ದೀಪಾವಳಿಯ ಹಿಂದಿನ ಸಂಜೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೊರಳಿಗೆ ಹಿಂಡ್ಲೆ ಎಂಬ ಕಹಿ ಕಾಡುಕಾಯಿಯ ಮಾಲೆ ಕಟ್ಟಿ, ಬಾವಿಯ ನೀರು ತುಂಬುತ್ತಿದ್ದಳು. "ಗೀಸರಿಗೆ ಮಾಲೆ ಹಾಕೂಕೆ ಬರ್ತದೇನೇ? ಕುತ್ತಿಗೆ ಎಲ್ಲಿದೆ ಅದಕ್ಕೆ?" ಎನ್ನುತ್ತಿದ್ದಳು. ಕಳೆದ ದೀಪಾವಳಿಗೆ ಹಂಡೆಯನ್ನು ಯಾರೂ ತಿಕ್ಕಲಿಲ್ಲ. ಆಯಿ ಇರಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರಬೇಕು. ಬರಲು ಮನಸ್ಸಿಲ್ಲದ್ದರಿಂದಲೇ ಹಂಡೆಯ ಸುತ್ತ ತಿರುಗುತ್ತಿದ್ದೇನೆ.

ಅಪ್ಪ ನಿವೃತ್ತನಾದ ಮರುವರ್ಷ ಅವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆದುಕೊಂಡು ಗೋಡೆ ಹಿಡಿದು ನಡೆಯುವಷ್ಟು ಉಳಿಯಿತು. ಆಯಿ ಅವನನ್ನು ಮೀಯಿಸುತ್ತಿದ್ದಳು. ಬಚ್ಚಲಿನ ಬಾಗಿಲು ಮುಚ್ಚಿರುತ್ತಿತ್ತು, ಒಳಗೆ ಇಬ್ಬರೂ ಜಗಳ ಮಾಡುತ್ತಿದ್ದರು, ನನಗೆ ಅದರ ಚಿಂತೆ ಇರಲಿಲ್ಲ. ಆಮೇಲೆ ಆಯಿಗೆ ಜ್ವರ ಬಂತು. ನಾಲ್ಕೇ ದಿನ. ಅಂಗಳದಲ್ಲಿ ಅವಳನ್ನು ಮಲಗಿಸಿದರು, ನಾವೆಲ್ಲ ಎಡಕ್ಕೆ ಸುತ್ತು ಬಂದೆವು, ಮುಗಿಯಿತು.

ಹನ್ನೆರಡು ದಿನ ನೆಂಟರಿದ್ದರು. ಅವರು ಹೋದ ಮಾರನೇ ದಿನ ಬಚ್ಚಲಿನ ಮುಂದೆ ನಾನು ಟವೆಲು ಹಿಡಿದು ನಿಂತೆ, ಅಪ್ಪ ಕುರ್ಚಿಯಲ್ಲಿ ಕೂತಿದ್ದ.

"ನಾ ಮೀಯಿಸ್ತೆ ಅಪ್ಪಾ."

"ಬೇಡ."

"ಮತ್ತೆ ಯಾರು?"

"ಇವತ್ತು ಮೈ ಸರಿ ಇಲ್ಲ. ಮಿಂದ್ರೆ ಆಗೂದಿಲ್ಲ."

ಅವನ ಕಿವಿ ಕೆಂಪಾಗಿತ್ತು. ನಾನು ಟವೆಲನ್ನು ಮಡಚಿ ಇಟ್ಟೆ. ಮಗಳ ಮುಂದೆ ಬರಿಮೈಯಲ್ಲಿ ಕೂರುವುದು ಅವನಿಂದ ಆಗದ ಕೆಲಸ. ಎಡಗೈಯೊಂದರಲ್ಲೇ ತಂಬಿಗೆ ಮೊಗೆದು ಬೆನ್ನಿಗೆ ಹೊಯ್ದುಕೊಳ್ಳುವುದೂ ಆಗದ ಕೆಲಸ. ಎರಡರ ನಡುವೆ ಅವನು ಮೀಯುವುದನ್ನೇ ಬಿಟ್ಟ.

ಅಂಕೋಲೆಯಿಂದ ಮಾವ, ಆಯಿಯ ತಮ್ಮ, ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ಮೀಯಿಸತೊಡಗಿದ. ಮಾವ ಗದ್ದೆಯ ಮನುಷ್ಯ, ಬಾಯಿ ಸುಮ್ಮನಿರದು. ಹೊರಗಿನ ಜಗಲಿಗೂ ಕೇಳುತ್ತಿತ್ತು:

"ಭಾವ, ನಿಮ್ಮನ್ನು ಮೀಯ್ಸೂದು ಎಮ್ಮೆಗಿಂತ ಸುಲಭ. ಎಮ್ಮೆ ಬಾಲದಲ್ಲಿ ಹೊಡೀತದೆ."

"ನಂಗೂ ಬಾಲ ಇದ್ದಿದ್ರೆ ಬಿಡ್ತಿದ್ನೇನೋ?"

"ಎಮ್ಮೆ ತಿರುಗಿ ಮಾತಾಡೂದಿಲ್ಲ ಮತ್ತೆ."

ಅಂದು ಇಡೀ ವಾರದ ಮಾತು ಅಪ್ಪನ ಬಾಯಿಂದ ಬರುತ್ತಿತ್ತು. ಆದರೆ ಮಾವನ ಮಂಡಿ ಬಾತುಕೊಂಡಿತು. ಬಸ್ಸಿನ ಮೆಟ್ಟಿಲು ಹತ್ತಲಾರದೆ ಎರಡು ಭಾನುವಾರ ತಪ್ಪಿದ, ಆಮೇಲೆ ಮೂರು. ನನ್ನ ಡೈರಿಯಲ್ಲಿ ಅಪ್ಪನ ಸ್ನಾನಕ್ಕೆ ಒಂದು ಕಾಲಮು ಮಾಡಿದ್ದೆ. ಮಾರ್ಚ್ ತಿಂಗಳಲ್ಲಿ ಅಲ್ಲಿ ಒಂದೇ ಗೀಟು. ಮನೆಯೊಳಗೆ ಒಂದು ವಾಸನೆ ಸೇರಿಕೊಂಡಿತ್ತು. ಬಂದವರು ಕಿಟಕಿಯ ಹತ್ತಿರದ ಕುರ್ಚಿಯನ್ನೇ ಆರಿಸಿಕೊಳ್ಳುತ್ತಿದ್ದರು, ಅದನ್ನು ಅಪ್ಪ ನೋಡುತ್ತಿದ್ದ.

ಹ್ಯಾಂಡ್ ಶವರಿನ ಯೋಚನೆ ಬಂದದ್ದು ಆಗ. ಉದ್ದ ಕೊಳವೆಯ ತುದಿಯಲ್ಲಿ ಹೂವಿನಂಥ ಬಾಯಿ. ಕೂತಲ್ಲೇ ಎಡಗೈಯಲ್ಲಿ ಹಿಡಿದರೆ ಬೆನ್ನಿಗೂ ನೀರು ಬರುತ್ತದೆ, ಮೊಗೆಯಬೇಕಿಲ್ಲ, ಎತ್ತಬೇಕಿಲ್ಲ. ನಾನು ಅಳತೆಪಟ್ಟಿ ತಂದು ಎಲ್ಲ ಅಳೆದೆ: ನಳದಿಂದ ಸ್ಟೂಲಿಗೆ, ಸ್ಟೂಲಿನಿಂದ ಅಪ್ಪನ ಭುಜಕ್ಕೆ, ಭುಜದಿಂದ ಎಡಗೈ ಎಟಕುವಷ್ಟು ದೂರಕ್ಕೆ. ಕಾರವಾರದ ಹಾರ್ಡ್‌ವೇರ್ ಅಂಗಡಿಯಲ್ಲಿ ಚೀಟಿ ತೆಗೆದು ಓದಿದಾಗ ಅಂಗಡಿಯವ ಕನ್ನಡಕ ಮೇಲೆತ್ತಿದ.

"ಅಕ್ಕಾ, ಬಚ್ಚಲಿಗೆ ಶವರು ಹಾಕ್ತೀರೋ, ಅಂಗಿ ಹೊಲಿಸ್ತೀರೋ?"

ಕೊಳವೆ ಹಿತ್ತಾಳೆ ನಟ್ಟಿನದೇ ಒಯ್ಯಿರಿ, ಕಡಲ ಗಾಳಿಗೆ ಉಳಿದದ್ದೆಲ್ಲ ಎರಡು ಮಳೆಗಾಲಕ್ಕೆ ಹುಡಿಯಾಗುತ್ತದೆ ಎಂದ. ಹಳೆ ನಳ ಬಿಚ್ಚಿ ಅದರ ಜಾಗಕ್ಕೆ ಎರಡು ಬಾಯಿಯ ನಳ ಹಾಕಬೇಕು, ಒಂದು ಬಾಯಿ ಬಕೆಟ್ಟಿಗೆ, ಇನ್ನೊಂದು ಕೊಳವೆಗೆ ಎಂದು ತೋರಿಸಿದ. ಕೊನೆಗೆ ಆ ಬಿಳಿ ಟೇಪಿನ ಸುರುಳಿಯನ್ನು ಚೀಲದೊಳಗೆ ಹಾಕಿದ.

ಪ್ಲಂಬರನಿಗೆ ಫೋನು ಮಾಡಿದೆ. "ಫಾಲ್ಯಾಂ ನಕ್ಕಿ," ನಾಳೆ ಖಂಡಿತ, ಎಂದ. ಆ ಕೊಂಕಣಿ ನಾಳೆಯನ್ನೂ ನಾನು ಎಣಿಸಿದೆ. ಹನ್ನೊಂದನೆಯ ಫಾಲ್ಯಾಂ ಆದ ದಿನ ಅಪ್ಪ ಕುರ್ಚಿಯಿಂದಲೇ ಹೇಳಿದ:

"ಅವ ಬರೂದಿಲ್ಲ. ಪಾನಾ ಅಟ್ಟದ ಮೇಲಿದೆ. ತೆಗಿ."

"ಯಾರು ಹಾಕೂದು?"

"ನೀನೇ ಹಾಕು. ನಾ ಹೇಳ್ತೆ."

ಈ ಮನೆಯ ಒಂದೊಂದು ಪೈಪನ್ನೂ ಅವನೇ ಹಾಕಿದ್ದು. ಕಾರ್ಖಾನೆಯಲ್ಲಿ ನನ್ನ ಸೊಂಟದಷ್ಟು ದಪ್ಪದ ಪೈಪು ಜೋಡಿಸಿದವನು ಒಂದು ನಳದ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತ. ಎಡಗೈ ಮಂಡಿಯ ಮೇಲೆ, ಬಲಗೈ ಮಡಿಲಲ್ಲಿ. ಮೇ ತಿಂಗಳ ಭಾನುವಾರ, ಬಚ್ಚಲಿನೊಳಗೆ ಕೂತಲ್ಲೇ ಬೆವರು.

ಮೇಲಿನ ಟ್ಯಾಂಕಿನ ನೀರು ನಿಲ್ಲಿಸಿದೆ. ಹಳೆ ನಳ ಕಚ್ಚಿಕೊಂಡಿತ್ತು. ನಟ್ಟು ತಿರುಗಿಸುವ ಆ ಪಾನಾ ಹಾಕಿ ಜಗ್ಗಿದರೆ ನಾನೇ ತಿರುಗಿದೆ. "ಪಾನಾದ ತುದಿ ಹಿಡಿ, ಕುತ್ತಿಗೆ ಹಿಡೀಬೇಡ," "ಒಮ್ಮೆಗೆ ಎಳೀಬೇಡ, ತೂಗು" ಎಂದು ಅಪ್ಪ ಹೇಳುತ್ತಾ ಹೋದ. ಹೇಳುವಾಗ ಅವನ ಎಡಗೈ ಗಾಳಿಯಲ್ಲಿ ತಿರುಗುತ್ತಿತ್ತು. ಕೊನೆಗೆ ನಳ ಕಿರುಗುಟ್ಟಿ ಬಿಟ್ಟುಕೊಟ್ಟಿತು. ಒಳಗೆ ಹಲ್ಲುಗಳ ನಡುವೆ ಒಣ ನಾರು ಸಿಕ್ಕಿಕೊಂಡಿತ್ತು. "ನಾ ಸುತ್ತಿದ್ದು ಸುತಳಿ. ಆಗ ಟೇಪು ಎಲ್ಲಿತ್ತು," ಎಂದ. ನಾನು ಹುಟ್ಟುವ ಮೊದಲು ಅವನು ಸುತ್ತಿದ್ದ ಸುತಳಿಯನ್ನು ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆದೆ.

ಟೇಪು ಸುತ್ತುವುದನ್ನು ನಾನು ಮೊದಲೇ ಮೊಬೈಲಿನ ವಿಡಿಯೋ ನೋಡಿ ಕಲಿತಿದ್ದೆ, ಪೆನ್ಸಿಲಿನ ಮೇಲೆ ಐದು ಸಲ ಅಭ್ಯಾಸವನ್ನೂ ಮಾಡಿದ್ದೆ. ಹಾಗಾಗಿ ಅಪ್ಪನನ್ನು ಕೇಳದೆ, ಬೆನ್ನು ತಿರುಗಿಸಿಕೊಂಡು, ಲೆಕ್ಕ ಹಾಕಿ ಹನ್ನೆರಡು ಸುತ್ತು ಸುತ್ತಿ, ನಳವನ್ನು ಗೋಡೆಗೆ ತಿರುಗಿಸಿ ಬಿಗಿದೆ. ನೀರು ಬಿಟ್ಟೆ. ನಳದ ಬುಡದಿಂದ ನೀರು ಮೊದಲು ಮಣಿಯಂತೆ ಮೂಡಿತು, ಆಮೇಲೆ ಗೋಡೆಗುಂಟ ಇಳಿಯಿತು.

"ಬಿಚ್ಚು," ಎಂದ ಅಪ್ಪ.

ಬಿಚ್ಚಿದೆ. ಟೇಪು ಹಲ್ಲಿನಲ್ಲಿ ಕೂರದೆ ಮುದುಡಿ, ಕೊಳೆತ ಹೂವಿನೆಸಳಿನ ಹಾಗೆ ಬುಡಕ್ಕೆ ಸರಿದಿತ್ತು.

"ಯಾವ ಬದಿಗೆ ಸುತ್ತಿದ್ದು?"

ನಾನು ಬೆರಳಿನಿಂದ ತೋರಿಸಿದೆ. ವಿಡಿಯೋದವನು ನನ್ನೆದುರು ನಿಂತಿದ್ದ. ನಾನು ಕನ್ನಡಿ ನೋಡಿದಂತೆ ನಕಲು ಮಾಡಿದ್ದೆ. ಐದು ಸಲದ ಅಭ್ಯಾಸದಲ್ಲಿ ಐದು ಸಲವೂ ಎಡಕ್ಕೇ ಸುತ್ತಿದ್ದೆ.

ಅಪ್ಪ ನಕ್ಕ. "ಎಡಕ್ಕೆ ಸುತ್ತೂದೇನೇ! ದೇವರಿಗೆ ಹ್ಯಾಂಗೆ ಸುತ್ತು ಬರ್ತೀ? ಬಲಕ್ಕೆ. ನಳ ಬಲಕ್ಕೆ ತಿರುಗ್ತದೆ, ಟೇಪೂ ಅದರ ಸಂಗಡ ಬಲಕ್ಕೇ ಹೋಗ್ಬೇಕು. ಇದು ಹೆಣಕ್ಕೆ ಸುತ್ತಿದ ಹಾಂಗೆ..."

ಅಲ್ಲಿಗೆ ನಿಲ್ಲಿಸಿದ. ಫಿಟ್ಟರುಗಳು ಹೊಸಬರಿಗೆ ಹೇಳುವ ಹಳೆ ತಮಾಷೆಯಿರಬೇಕು, ಅಭ್ಯಾಸಬಲದಿಂದ ಬಾಯಿಗೆ ಬಂದಿತ್ತು. ನಮ್ಮಿಬ್ಬರಿಗೂ ಒಂದೇ ಅಂಗಳ ಕಂಡಿತು. ಆಯಿಯನ್ನು ಮಲಗಿಸಿದ ದಿನ ಮಾವ ಅಪ್ಪನನ್ನು ಕಂಕುಳಿಗೆ ಕೈ ಕೊಟ್ಟು ಎಡಕ್ಕೆ ಸುತ್ತಿಸಿದ್ದ. ಅಪ್ಪನ ಕಾಲು ಎಳೆದ ಗೀಟು ಅಂಗಳದ ಮಣ್ಣಿನಲ್ಲಿ ಒಂದು ವಾರ ಇತ್ತು, ನಾನು ಗುಡಿಸದೆ ಬಿಟ್ಟಿದ್ದೆ. ನಳ ಬಿಚ್ಚುವ ಮೊದಲು ಟ್ಯಾಂಕಿನ ನೀರು ನಿಲ್ಲಿಸುವುದನ್ನು ಇಬ್ಬರೂ ಮರೆತಿದ್ದೆವು. ಬಾಯಿ ತೆರೆದ ಪೈಪಿನಿಂದ ಅದು ಸುರಿಯುತ್ತಲೇ ಇತ್ತು, ನನ್ನ ಲಂಗ ತೋಯ್ದು ಕಾಲಿಗೆ ಅಂಟಿಕೊಂಡಾಗ ಎಚ್ಚರವಾಗಿ ಓಡಿದೆ.

ಮರಳಿ ಬಂದಾಗ ಅಪ್ಪ ಟೇಪಿನ ಸುರುಳಿಯನ್ನು ಎಡಗೈಯಲ್ಲಿ ಹಿಡಿದು ಹಲ್ಲಿನಿಂದ ತುದಿ ಬಿಡಿಸುತ್ತಿದ್ದ. "ತಾ ಇಲ್ಲಿ," ಎಂದ. ನಳವನ್ನು ಅವನ ಮುಂದೆ ಹಿಡಿದೆ. ಅವನು ತುದಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದ, ನಾನು ಸುತ್ತಿದೆ. ಬಲಕ್ಕೆ. ಪ್ರತಿ ಸುತ್ತಿಗೂ ಅವನ ಹೆಬ್ಬೆರಳನ್ನು ದಾಟಿ ಹೋಗಬೇಕಿತ್ತು. ಎಷ್ಟು ಸುತ್ತು ಎಂದು ಬರೆದುಕೊಂಡಿಲ್ಲ. ಆ ದಿನದ ಪುಟದಲ್ಲಿ ಅದೊಂದು ಸಂಖ್ಯೆ ಇಲ್ಲ.

ಈ ಸಲ ನೀರು ಬಿಟ್ಟು, ಬುಡಕ್ಕೆ ಬೆರಳಿಟ್ಟು, "ಸೋರ್ತದೆ ಅಪ್ಪಾ," ಎಂದೆ.

"ಕೈ ಒದ್ದೆ ಇದೆ ನಿಂದು. ಒದ್ದೆ ಕೈಲಿ ಸೋರಿಕೆ ತಿಳೀದಿಲ್ಲ. ಮೊದ್ಲು ಕೈ ಒರಸ್ಕೋ, ನಳಾನೂ ಒರಸು, ಆಮೇಲೆ ಮುಟ್ಟು."

ಕೈ ಒರೆಸಿಕೊಂಡು, ನಳವನ್ನೂ ಒರೆಸಿ ಮುಟ್ಟಿದೆ. ಒಣಗಿತ್ತು.

ಅಂದು ಸಂಜೆ ಅಪ್ಪ ಒಬ್ಬನೇ ಮಿಂದ. ನೀರಿನ ಬಿಸಿಯನ್ನು ನಾನು ಹದ ಮಾಡಿ ಹೊರಗೆ ಬಂದೆ. ಅವನು ಒಳಗೆ ಹೋಗಿ ಚಿಲಕ ಹಾಕದೆ ಬಾಗಿಲು ಮುಚ್ಚಿಕೊಂಡ. ನಾನು ಹಳೆಯ ಜಾಗದಲ್ಲಿ, ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತೆ. ಕೂತ ಮೇಲೆ ಗೊತ್ತಾಯಿತು, ಎಲ್ಲ ಅಳತೆ ತೆಗೆದಿದ್ದ ನಾನು ಒಂದನ್ನು ಮರೆತಿದ್ದೆ. ಕೊಳವೆಯ ನೀರಿಗೆ ಎಣಿಕೆಯಿಲ್ಲ. ಅದು ಒಂದೇ ಸಮನೆ ಸುರಿಯುತ್ತದೆ. ಒಳಗಿರುವವನು ಮೀಯುತ್ತಿದ್ದಾನೋ ಬಿದ್ದಿದ್ದಾನೋ ಅದು ಹೇಳುವುದಿಲ್ಲ.

"ಅಪ್ಪಾ?"

"ಹ್ಞೂಂ."

ಸ್ವಲ್ಪ ಹೊತ್ತಿಗೆ ಮತ್ತೆ, "ಅಪ್ಪಾ?"

"ಹ್ಞೂಂ! ಬಚ್ಚಲಲ್ಲೂ ಹಾಜರಿ ತಗಳ್ತೀಯೇನೇ?"

ಅಂದಿನಿಂದ ತಂಬಿಗೆಯ ಬದಲು ಹ್ಞೂಂಗಳ ಲೆಕ್ಕ. ಸಾಧಾರಣವಾಗಿ ಆರು. ಸಿಟ್ಟು ಬಂದ ದಿನ ಮೂರು. ಒಂದು ದಿನ ಒಂಬತ್ತು, ಕೊನೆಯ ಎರಡನ್ನು ನಾನು ಕರೆಯದೆಯೇ ಹೇಳಿದ. ಅಪ್ಪ ಮಿಂದು, ಎಡಗೈಯಲ್ಲೇ ತಲೆ ಬಾಚಿ, ಜಗಲಿಗೆ ಬಂದು ಹೆದ್ದಾರಿ ನೋಡುತ್ತಾ ಕೂರುತ್ತಿದ್ದ. ಬಂದವರಿಗೆ ಬಚ್ಚಲು ತೋರಿಸುತ್ತಿದ್ದ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೋಲೂರಿ ಬಂದ ಮಾವ ಕೊಳವೆಯನ್ನು ಹಿಡಿದು ನೋಡಿ, "ನನ್ನ ನೌಕರಿ ಹೋಯ್ತಲ್ಲ ಭಾವ. ಇನ್ನು ಎಮ್ಮೆನೇ ಗತಿ," ಎಂದ. ಅಪ್ಪ ಗಟ್ಟಿಯಾಗಿ ನಕ್ಕ. ಆಯಿ ಹೋದ ಮೇಲೆ ಆ ನಗು ನಾನು ಕೇಳಿದ್ದು ಎರಡನೆಯ ಸಲ. ಮೊದಲನೆಯದು ಟೇಪಿನ ದಿನದ್ದು, ಅರ್ಧಕ್ಕೆ ನಿಂತದ್ದು.

ನಲವತ್ತೊಂದು. ಅಪ್ಪ ತನ್ನ ಕೈಯಾರೆ ಮಿಂದ ದಿನಗಳು ಅಷ್ಟು. ನಲವತ್ತೆರಡನೆಯ ದಿನ ಮಳೆ ಜೋರಿತ್ತು. ಮೂರು ಹ್ಞೂಂ ಆದವು. ನಾಲ್ಕನೆಯದು ಬರಲಿಲ್ಲ.

ಬಾಗಿಲು ದೂಡಿದಾಗ ಅವನು ಗೋಡೆಗೆ ಒರಗಿ ಕೂತೇ ಇದ್ದ. ಕೊಳವೆ ನೆಲದ ಮೇಲೆ ಹೊರಳುತ್ತಾ ನೀರನ್ನು ಮೇಲಕ್ಕೆ ಚಿಮ್ಮಿಸುತ್ತಿತ್ತು. ಅಪ್ಪ ನನ್ನನ್ನು ನೋಡಿದ, ಎಡಗೈಯಿಂದ ಟವೆಲು ಎಳೆದುಕೊಳ್ಳಲು ನೋಡಿದ, ಕೈ ಏಳಲಿಲ್ಲ. ಯಾವುದು ಆಗಬಾರದೆಂದು ಅಷ್ಟೆಲ್ಲ ಅಳತೆ ತೆಗೆದಿದ್ದೆನೋ ಅದು ಆಯಿತು. ನಾನು ಟವೆಲು ಹೊದೆಸಿದೆ, ನೀರು ನಿಲ್ಲಿಸಿದೆ, ಅಕ್ಕಪಕ್ಕದವರನ್ನು ಕೂಗಿದೆ.

ಅದು ಎರಡನೆಯ ಪಾರ್ಶ್ವವಾಯು; ಎಡಗೈಯೂ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಈಗ ನಾನೇ ಮೀಯಿಸುತ್ತೇನೆ. ಬೇರೆ ಯಾರೂ ಇಲ್ಲ. ಮೊದಲ ದಿನ ಕೊಳವೆಯಿಂದಲೇ ನೀರು ಬಿಟ್ಟೆ. ಅಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ಗೋಡೆಗೆ ತಿರುಗಿಸಿಕೊಂಡು, ಉಸಿರು ಬಿಗಿಹಿಡಿದು ಕೂತ. ಮೈಯೆಲ್ಲ ನಡುಗುತ್ತಿತ್ತು. ಚಳಿಗಲ್ಲ, ನೀರು ಬೆಚ್ಚಗಿತ್ತು. ಏನೋ ಹೇಳಿದ. ಅವನ ಮಾತು ಈಗ ನೀರಲ್ಲಿ ನೆಂದ ಕಾಗದದ ಹಾಗೆ, ಅಕ್ಷರಗಳು ಒಂದರ ಮೇಲೊಂದು ಹರಡಿಕೊಂಡಿರುತ್ತವೆ. ಮೂರನೆಯ ಸಲಕ್ಕೆ ತಿಳಿಯಿತು.

"ತಂಬಿಗೆ."

ಕೊಳವೆಯನ್ನು ಕೊಕ್ಕೆಗೆ ಸಿಕ್ಕಿಸಿ, ಬಕೆಟ್ಟು ತುಂಬಿಸಿ, ಆಯಿಯ ತಂಬಿಗೆ ತಂದೆ. ಹೊಯ್ದೆ. "ಒಂದು," ಎಂದ. ನನಗೆ ಅರ್ಥವಾಗಲಿಲ್ಲ. ಇನ್ನೊಂದು ಹೊಯ್ದೆ. "ಎರಡು." ಮೂರರಿಂದ ಮುಂದಕ್ಕೆ ಅವನ ನಾಲಗೆ ತೊಡರಿದಲ್ಲೆಲ್ಲ ನಾನು ಹೇಳಿದೆ. ಇಪ್ಪತ್ತೆರಡು ಎಂದಾಗ ಅವನು ಹಿಡಿದಿದ್ದ ಉಸಿರು ಬಿಟ್ಟ, ಭುಜ ಕೆಳಗಿಳಿಯಿತು. ಎಲ್ಲಿ ಮುಗಿಯುತ್ತದೆಂದು ಗೊತ್ತಿದ್ದರೆ ಕೂತಿರಬಹುದು, ಅಷ್ಟೇ. ಚಿಕ್ಕಂದಿನಲ್ಲಿ ಬಾಗಿಲಿನ ಹೊರಗೆ ಕೂತು ನಾನು ಏನನ್ನು ಎಣಿಸುತ್ತಿದ್ದೆ ಎಂಬುದು ಅವನಿಗೆ ಆಗಲೂ ಗೊತ್ತಿತ್ತು.

ಈಗ ದಿನವೂ ಹಾಗೆಯೇ. ಅವನು ಗೋಡೆ ನೋಡುತ್ತಾನೆ, ನಾನು ಅವನ ಬೆನ್ನು ನೋಡುತ್ತೇನೆ, ಇಬ್ಬರೂ ಸೇರಿ ಎಣಿಸುತ್ತೇವೆ. ಒಂದು ದಿನ ಅವನ ನಡುಕ ನೋಡಲಾರದೆ ಹದಿನೇಳಕ್ಕೇ ಇಪ್ಪತ್ತೆರಡು ಎಂದುಬಿಡೋಣ ಅನ್ನಿಸಿತು. ಹೇಳಲಿಲ್ಲ. ಹಾಗೆ ಒಮ್ಮೆ ಹೇಳಿದಾಗ ಸಾರು ತಣ್ಣಗಾಗಿತ್ತು.

ಕೊಳವೆ ಕೊಕ್ಕೆಯಲ್ಲೇ ಇದೆ. ಅದರ ಹೂವಿನಂಥ ಬಾಯಿಯ ಹೊಳಪಿಗೆ ಕಡಲ ಗಾಳಿ ಆಗಲೇ ಚುಕ್ಕೆ ಹಾಕಿದೆ. ಬಿಚ್ಚಿ ತೆಗೆದುಬಿಡು, ತಲೆಗೆ ತಾಗುತ್ತದೆ ಎಂದು ಮಾವ ಫೋನಿನಲ್ಲಿ ಹೇಳುತ್ತಾನೆ. ತೆಗೆದರೆ ನಳವನ್ನೂ ಬಿಚ್ಚಬೇಕು, ಟೇಪು ಹರಿಯುತ್ತದೆ. ಗೋಡೆಯೊಳಗಿನ ಪೈಪಿನಲ್ಲಿ ನೀರು ಹಗಲೂ ಇರುಳೂ ಒತ್ತುತ್ತಲೇ ಇರುತ್ತದೆ, ಆ ಟೇಪು ಅದನ್ನು ತಡೆದು ನಿಂತಿದೆ.

ನಿನ್ನೆ ಇಪ್ಪತ್ತೆರಡು ಮುಗಿದು ನಾನು ಅವನ ತಲೆ ಒರೆಸುತ್ತಿದ್ದೆ. ಅಪ್ಪ ಕಣ್ಣು ತೆರೆದು ನಳದ ಕಡೆ ನೋಡಿದ.

"ಸೋರ್ತದಾ?"

ಬಗ್ಗಿ ನಳದ ಬುಡವನ್ನು ಬೆರಳಿನಿಂದ ಮುಟ್ಟಿದೆ. "ಇಲ್ಲಪ್ಪಾ," ಎಂದೆ.

ಅವನು ನನ್ನ ಮೊಣಕೈತನಕ ತೋಯ್ದ ಕೈಯನ್ನು ನೋಡಿದ. ತುಟಿ ಎರಡು ಸಲ ಅಲುಗಿತು, ಮೂರನೆಯ ಸಲಕ್ಕೆ ಮಾತು ಹೊರಬಂತು.

"ಕೈ ಒರಸ್ಕಂಡ್ಯಾ?"